ಊರಲ್ಲಿ ಫ್ಲ್ಯಾಟ್, ನೀವು ವಿದೇಶದಲ್ಲಿ: ಬಿಲ್ಡರ್ ಕೈಕೊಟ್ಟರೆ ದಾರಿ ಯಾವುದು?

ಪ್ರಶ್ನೆ: ನಾನು ತುಮಕೂರಿನವಳು. ಈಗ ಅಮೆರಿಕದ ಪೌರತ್ವ ಇದೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹೊಂದಿದ್ದೇನೆ, ಡಲ್ಲಾಸ್‌ನಲ್ಲಿ ವಾಸ. 2021ರಲ್ಲಿ ಕ್ಯಾತ್ಸಂದ್ರದ ಕಡೆ 24 ಮನೆಗಳ ಅಪಾರ್ಟ್‌ಮೆಂಟ್‌ನಲ್ಲಿ 50 ಲಕ್ಷದ ಫ್ಲ್ಯಾಟ್ ಬುಕ್ ಮಾಡಿದೆ. ಎನ್‌ಆರ್‌ಇ (ಅನಿವಾಸಿಗಳು ಹೊರದೇಶದ ಗಳಿಕೆ ಇಡುವ) ಖಾತೆಯಿಂದ 40 ಲಕ್ಷ ಕೊಟ್ಟಿದ್ದೇನೆ. ಅದಲ್ಲದೆ ನನ್ನ ತಮ್ಮ 3 ಲಕ್ಷ ನಗದು ಕೊಟ್ಟಿದ್ದಾನೆ, ಅದಕ್ಕೆ ರಸೀದಿ ಇಲ್ಲ. ಅಗ್ರಿಮೆಂಟ್ ಛಾಪಾ ಕಾಗದದ ಮೇಲಿದೆ, ರಿಜಿಸ್ಟರ್ ಆಗಿಲ್ಲ. 2023ರ ಡಿಸೆಂಬರ್ 31ಕ್ಕೆ ಮನೆ ಕೊಡಬೇಕಿತ್ತು. ಮೂರನೇ ಮಹಡಿಗೆ ಕೆಲಸ ನಿಂತಿದೆ. ಬಿಲ್ಡರ್ ಈಗ ಇನ್ನೂ 6 ಲಕ್ಷ ಕೇಳುತ್ತಿದ್ದಾರೆ, ಇಲ್ಲವಾದರೆ ನಂದಿ ಬೆಟ್ಟದ ಹತ್ತಿರ 10 ಗುಂಟೆ ‘ಫಾರ್ಮ್ ಪ್ಲಾಟ್’ ತೆಗೆದುಕೊಳ್ಳಿ ಅನ್ನುತ್ತಾರೆ. ನಾನು ಬಂದು ಹೋಗಿ ಕೋರ್ಟು ಅಲೆಯಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಫಾರ್ಮ್ ಪ್ಲಾಟ್ ವಿಷಯ ಮುಗಿಸೋಣ. ಅದಕ್ಕೆ ಒಪ್ಪಬೇಡಿ, ಬಾಯಿಮಾತಿನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ‘ನೋಡೋಣ’ ಅನ್ನಬೇಡಿ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಚಿಕ್ಕಬಳ್ಳಾಪುರದ ಸುತ್ತ ಮಾರುವವರು ಇದನ್ನೇ ಮುಂದಿಡುತ್ತಾರೆ. ಆದರೆ ಅದು ರಾಜ್ಯದ ಕಾನೂನು. ಅನಿವಾಸಿ ಭಾರತೀಯರಿಗೂ ಒಸಿಐಗಳಿಗೂ ಕೇಂದ್ರದ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಬೇರೆ ಇದೆ. ಅದರ ಪ್ರಕಾರ ನೀವು ಮನೆ ಕೊಳ್ಳಬಹುದು, ಅಂಗಡಿ ಮಳಿಗೆ ಕೊಳ್ಳಬಹುದು; ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಉಲ್ಲಂಘನೆಗೆ ಆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ, ಮತ್ತು ಆ ದಂಡ ಬೀಳುವುದು ನಿಮ್ಮ ಮೇಲೆ. ‘ಹಾಗಾದರೆ ನಿಮ್ಮ ತಮ್ಮನ ಹೆಸರಿಗೆ ಮಾಡಿಸೋಣ’ ಎಂಬ ಮಾತು ಮುಂದೆ ಬರುತ್ತದೆ. ನಿಮ್ಮ ದುಡ್ಡು, ತಮ್ಮನೊಬ್ಬನದೇ ಹೆಸರು ಎಂದಾದರೆ ಅದು ಬೇನಾಮಿ ಕಾಯ್ದೆಯೊಳಗೆ ಸಿಕ್ಕಿಬೀಳುತ್ತದೆ. ಒಡಹುಟ್ಟಿದವರಿಗೆ ಅಲ್ಲಿರುವ ವಿನಾಯಿತಿ ದಾಖಲೆಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಇದ್ದಾಗ ಮಾತ್ರ. ಹೆಸರು ಸೇರಿಸಿದರೆ ಫೆಮಾ ಅಡ್ಡ ಬರುತ್ತದೆ. ಇನ್ನೊಂದು ತೊಡಕೂ ಇದೆ. ‘ಫ್ಲ್ಯಾಟ್ ಬದಲಿಗೆ ಜಮೀನು ಪಡೆದಿದ್ದೇನೆ’ ಎಂದು ಒಂದು ಕಾಗದಕ್ಕೆ ಸಹಿ ಬಿದ್ದರೆ, ಫ್ಲ್ಯಾಟಿನ ಮೇಲೆ ಮತ್ತು 40 ಲಕ್ಷದ ಮೇಲೆ ಇವತ್ತು ನಿಮಗಿರುವ ಗಟ್ಟಿ ಹಕ್ಕು ಅಲ್ಲಿಗೆ ಮುಗಿಯಿತು.

6 ಲಕ್ಷವನ್ನೂ ಕೊಡಬೇಡಿ. ಆದರೆ ಸುಮ್ಮನೆಯೂ ಕೂರಬೇಡಿ. ಡಿಮ್ಯಾಂಡ್ ನೋಟಿಸ್‌ಗೆ ಉತ್ತರವಿಲ್ಲದಿದ್ದರೆ ‘ಗ್ರಾಹಕರೇ ಕಂತು ಕಟ್ಟಿಲ್ಲ’ ಎಂದು ಬಿಲ್ಡರ್ ಮುಂದೆ ವಾದಿಸುತ್ತಾರೆ. ಒಪ್ಪಂದದಲ್ಲಿ ಬೆಲೆ ಏರಿಕೆಯ ಷರತ್ತು ಇಲ್ಲ, ಕೆಲಸ ಇಂಥ ಹಂತದಲ್ಲಿ ನಿಂತಿದೆ, ಒಪ್ಪಂದದಂತೆ ಮುಂದಿನ ಹಂತ ಮುಗಿದ ದಿನ ಉಳಿದ ಕಂತು ಕಟ್ಟಲು ಸಿದ್ಧ ಎಂದು ಒಂದು ಪುಟದ ಉತ್ತರವನ್ನು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ.

ಈಗ ಮುಖ್ಯ ದಾರಿಗೆ ಬರೋಣ. ನಿಮ್ಮ ಪ್ರಕರಣಕ್ಕೆ ರೇರಾವೇ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸರಿಯಾದ ಜಾಗ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2016ರ ರೇರಾ ಕಾಯ್ದೆ 500 ಚದರ ಮೀಟರ್ ಮೀರಿದ ಜಾಗಕ್ಕೆ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಕಟ್ಟಡಕ್ಕೆ ಅನ್ವಯಿಸುತ್ತದೆ. ತುಮಕೂರು ಸಣ್ಣ ಊರು, ಇಲ್ಲಿಗೆ ರೇರಾ ಬರುವುದಿಲ್ಲ ಅನ್ನುವುದು ಸುಳ್ಳು. ಯೋಜನೆ ನೋಂದಣಿ ಆಗದಿದ್ದರೂ, ನೋಂದಣಿಯ ಅವಧಿ ಮುಗಿದಿದ್ದರೂ ದೂರು ನಿಲ್ಲುತ್ತದೆ. ನೋಂದಣಿ ಮಾಡಿಸದಿರುವುದು ಬಿಲ್ಡರ್‌ನ ಇನ್ನೊಂದು ತಪ್ಪಾಗುತ್ತದೆ, ಅದಕ್ಕೆ ಯೋಜನಾ ವೆಚ್ಚದ ಶೇ. 10ರವರೆಗೆ ದಂಡವಿದೆ. ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲ ಎಂದು ನೀವು ಹೆದರುವುದೂ ಬೇಡ. ರಿಜಿಸ್ಟರ್ ಮಾಡಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯಬಾರದೆಂದು 13ನೇ ಕಲಂ ಬಿಲ್ಡರ್‌ನನ್ನೇ ನಿರ್ಬಂಧಿಸಿದೆ. 50 ಲಕ್ಷಕ್ಕೆ 5 ಲಕ್ಷ ಪಡೆಯಬಹುದಿತ್ತು, 40 ಲಕ್ಷ ಪಡೆದಿದ್ದಾರೆ.

18ನೇ ಕಲಂ ನಿಮ್ಮ ಮುಂದೆ ಎರಡು ದಾರಿ ಇಡುತ್ತದೆ, ದೂರು ಬರೆಯುವ ಮೊದಲೇ ಒಂದನ್ನು ಆರಿಸಬೇಕು. ಮನೆ ಬೇಡ ಎಂದರೆ ಕೊಟ್ಟ ಅಷ್ಟೂ ಹಣ ವಾಪಸ್, ಒಂದೊಂದು ಕಂತು ಕೊಟ್ಟ ದಿನದಿಂದ ಬಡ್ಡಿ ಸಹಿತ. ಮನೆಯೇ ಬೇಕು ಎಂದರೆ ತಡವಾದ ಪ್ರತಿ ತಿಂಗಳಿಗೂ ಸ್ವಾಧೀನ ಕೊಡುವವರೆಗೆ ಬಡ್ಡಿ. ಕರ್ನಾಟಕದ 2017ರ ನಿಯಮಗಳಂತೆ ಬಡ್ಡಿ ದರ ಎಂದರೆ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್‌ಗೆ (ಸಾಲಗಳಿಗೆ ಬ್ಯಾಂಕ್ ಇಟ್ಟುಕೊಳ್ಳುವ ಮೂಲ ದರ) ಶೇ. 2 ಸೇರಿಸಿದ್ದು. ಲೆಕ್ಕಕ್ಕೆ ಶೇ. 11 ಎಂದಿಟ್ಟುಕೊಂಡರೆ 40 ಲಕ್ಷಕ್ಕೆ ವರ್ಷಕ್ಕೆ 4.40 ಲಕ್ಷ, ತಿಂಗಳಿಗೆ ಸುಮಾರು 36,667 ರೂಪಾಯಿ. ಅಗ್ರಿಮೆಂಟಿನಲ್ಲಿ ‘ತಡವಾದರೆ ಚದರ ಅಡಿಗೆ ಇಷ್ಟು’ ಎಂದು ಚಿಲ್ಲರೆ ಮೊತ್ತ ಬರೆದಿರುವುದುಂಟು. ಅಂಥ ಏಕಪಕ್ಷೀಯ ಷರತ್ತುಗಳಿಗೆ ಗ್ರಾಹಕರನ್ನು ಕಟ್ಟಿಹಾಕಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಮಯಕ್ಕೆ ಮನೆ ಸಿಗದಿದ್ದರೆ ಹಣ ವಾಪಸ್ ಕೇಳುವ ಹಕ್ಕಿಗೆ ಷರತ್ತೇ ಇಲ್ಲ, ಬಿಲ್ಡರ್‌ನ ಅನಿರೀಕ್ಷಿತ ತೊಂದರೆಗಳು ಅದಕ್ಕೆ ಅಡ್ಡಿಯಲ್ಲ ಎಂದು ಅದೇ ಕೋರ್ಟಿನ 2021ರ ನವೆಂಬರ್‌ನ ನ್ಯೂಟೆಕ್ ತೀರ್ಪು ಖಚಿತಪಡಿಸಿದೆ.

ಮೂರನೇ ಮಹಡಿಗೆ ನಿಂತ ಕಟ್ಟಡದಲ್ಲಿ ಯಾವುದನ್ನು ಆರಿಸಬೇಕು? ಉಳಿದ 23 ಜನ ಏನು ಮಾಡುತ್ತಿದ್ದಾರೆ ಎಂಬುದನ್ನು ನೋಡದೆ ತೀರ್ಮಾನಿಸಬೇಡಿ. ಎಲ್ಲರೂ ಹಣ ವಾಪಸ್ ಕೇಳಿದರೆ ಸಣ್ಣ ಬಿಲ್ಡರ್ ಬಳಿ ಕೊಡಲು ಏನೂ ಇರುವುದಿಲ್ಲ, ಮೊದಲು ಆದೇಶ ತಂದವರಿಗೆ ಸಿಕ್ಕಿದಷ್ಟು ಸಿಗುತ್ತದೆ. ಹೆಚ್ಚಿನವರಿಗೆ ಮನೆ ಬೇಕಿದ್ದು ನೋಂದಣಿಯೂ ರದ್ದಾದರೆ ಅಥವಾ ಅವಧಿ ಮುಗಿದಿದ್ದರೆ, ಉಳಿದ ಕೆಲಸ ಮುಗಿಸಿಕೊಳ್ಳುವ ಮೊದಲ ಹಕ್ಕು ಕೊಂಡವರ ಸಂಘಕ್ಕಿದೆ, ಅದು 8ನೇ ಕಲಂ. ಊರಲ್ಲಿದ್ದು ಓಡಾಡುವ ಹತ್ತು ಜನ ಸಿಕ್ಕಿದರೆ ಇದು ಒಳ್ಳೆಯ ದಾರಿ. ಯಾರೂ ಸಿಗದಿದ್ದರೆ ಡಲ್ಲಾಸ್‌ನಲ್ಲಿ ಕೂತು ಕಟ್ಟಡ ಮುಗಿಸಲು ಆಗದು. ಹಣ ವಾಪಸ್ ಕೇಳಿ.

ದೂರಿಗೆ ಬೇಕಾದ ಕಾಗದಗಳಲ್ಲಿ ಅತಿ ಮುಖ್ಯವಾದದ್ದು ಹಣದ ಲೆಕ್ಕಪಟ್ಟಿ. ಒಂದೊಂದು ಕಂತಿಗೂ ಒಂದು ಸಾಲು ಇರಲಿ: ದಿನಾಂಕ, ಮೊತ್ತ, ಯಾವ ಖಾತೆಯಿಂದ, ಬ್ಯಾಂಕಿನ ಯುಟಿಆರ್ (ಹಣ ವರ್ಗಾವಣೆಯ ಗುರುತು) ಸಂಖ್ಯೆ, ಬಿಲ್ಡರ್ ರಸೀದಿ ಸಂಖ್ಯೆ, ಯಾವ ಹಂತಕ್ಕೆ ಕೊಟ್ಟದ್ದು, ಅಂದಿನಿಂದ ಇಂದಿನವರೆಗಿನ ಬಡ್ಡಿ. ಆದೇಶದಲ್ಲಿ ಬರೆಯುವ ಅಂಕಿ ಈ ಪಟ್ಟಿಯಿಂದಲೇ ಬರುತ್ತದೆ. ಪಟ್ಟಿ ಎಡವಟ್ಟಾದರೆ ಆಮೇಲೆ ವಸೂಲಾತಿಯಲ್ಲಿ ಬಿಲ್ಡರ್ ಅದನ್ನೇ ಹಿಡಿದು ಎಳೆದಾಡುತ್ತಾರೆ. ಎನ್‌ಆರ್‌ಇ ಖಾತೆಯ 2021ರಿಂದೀಚೆಗಿನ ಪೂರ್ತಿ ಸ್ಟೇಟ್‌ಮೆಂಟನ್ನು ಬ್ಯಾಂಕಿನ ಮುದ್ರೆ ಹಾಕಿಸಿ ಈಗಲೇ ತೆಗೆದಿಡಿ. ಅದರ ಉಪಯೋಗ ಕೊನೆಯಲ್ಲೂ ಇದೆ.

ರಸೀದಿ ಇಲ್ಲದ 3 ಲಕ್ಷ ನಗದನ್ನು ಏನು ಮಾಡುವುದು? ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ದಂಡ ಬೀಳುವುದು ಪಡೆದವರ ಮೇಲೆ. ನಿಮ್ಮ ಕಡೆಯ ತೊಡಕು ಎಂದರೆ ಅನಿವಾಸಿಗಳು ಆಸ್ತಿಯ ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ‘3 ಲಕ್ಷ ಮುಟ್ಟಿದೆ’ ಎಂದು ಬಿಲ್ಡರ್ ಒಪ್ಪಿದ ಮೆಸೇಜ್ ಇದ್ದರೆ ಅದನ್ನು ತಮ್ಮನ ಪ್ರಮಾಣಪತ್ರದ ಜೊತೆ ಹಾಕಿ. ಏನೂ ಇಲ್ಲದಿದ್ದರೆ ಆ ಮೊತ್ತವನ್ನು ಮುಖ್ಯ ಲೆಕ್ಕದಲ್ಲಿ ಬೆರೆಸಬೇಡಿ. ಸಾಬೀತಾಗದ 3 ಲಕ್ಷಕ್ಕಾಗಿ ಸಾಬೀತಾಗುವ 40 ಲಕ್ಷದ ಮೇಲೆ ಅನುಮಾನ ಬರುವಂತೆ ಮಾಡಿಕೊಳ್ಳಬಾರದು.

ದೂರನ್ನು ಕರ್ನಾಟಕ ರೇರಾದ ಜಾಲತಾಣದಲ್ಲೇ ಸಲ್ಲಿಸಬಹುದು. ಹಣ ವಾಪಸ್ ಅಥವಾ ವಿಳಂಬದ ಬಡ್ಡಿ ಕೇಳುವ ದೂರು ಪ್ರಾಧಿಕಾರಕ್ಕೆ, ನಮೂನೆ ‘ಎನ್’ನಲ್ಲಿ. ಅದರ ಮೇಲೆ ಪರಿಹಾರವೂ ಬೇಕೆಂದರೆ, ಅಂದರೆ ಬಾಡಿಗೆ ನಷ್ಟ, ಸುಳ್ಳು ಜಾಹೀರಾತು ಇತ್ಯಾದಿಗೆ, ಅದು ನ್ಯಾಯನಿರ್ಣಯಾಧಿಕಾರಿಗೆ ನಮೂನೆ ‘ಓ’ದಲ್ಲಿ ಪ್ರತ್ಯೇಕವಾಗಿ ಹೋಗಬೇಕು. ಎರಡನ್ನೂ ಒಂದರಲ್ಲೇ ತುರುಕಿ ತಿಂಗಳುಗಟ್ಟಲೆ ಕಳೆದುಕೊಳ್ಳುವವರು ಬಹಳ. ವಿಚಾರಣೆಗಳು ವಿಡಿಯೋ ಮೂಲಕ ನಡೆಯುತ್ತವೆ, ಆದ್ದರಿಂದ ಬೆಂಗಳೂರಿನ ಮಿಷನ್ ರಸ್ತೆಗೆ ನೀವು ಅಲೆಯಬೇಕಿಲ್ಲ. ಬೆಂಗಳೂರಿನ ಬೆಳಿಗ್ಗೆ 11 ಗಂಟೆ ಡಲ್ಲಾಸ್‌ನಲ್ಲಿ ನಡುರಾತ್ರಿ ಎಂಬುದನ್ನು ಮಾತ್ರ ನೆನಪಿಡಿ. ನಿಮ್ಮ ಪರವಾಗಿ ವಕೀಲರು ಅಥವಾ ಚಾರ್ಟರ್ಡ್ ಅಕೌಂಟೆಂಟ್ ಹಾಜರಾಗಬಹುದು. 60 ದಿನಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಎಂದು ನಂಬಿ ಬೇರೆ ಯೋಜನೆ ಹಾಕಿಕೊಳ್ಳಬೇಡಿ.

ಪ್ರತಿವಾದಿಗಳ ಪಟ್ಟಿಯಲ್ಲಿ ಜಮೀನಿನ ಮಾಲೀಕರ ಹೆಸರೂ ಇರಲೇಬೇಕು. ತುಮಕೂರು, ಕೋಲಾರದಂಥ ಊರುಗಳಲ್ಲಿ ಬಿಲ್ಡರ್ ಜಾಗ ಕೊಳ್ಳುವುದು ಅಪರೂಪ. ಜಮೀನಿನವರ ಜೊತೆ ಜಂಟಿ ಅಭಿವೃದ್ಧಿ ಕರಾರು ಮಾಡಿಕೊಂಡು ಇಷ್ಟು ಮನೆ ನಿಮಗೆ, ಇಷ್ಟು ನಮಗೆ ಎಂದು ಹಂಚಿಕೊಳ್ಳುತ್ತಾರೆ. ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದರೂ ಇಬ್ಬರನ್ನೂ ಪ್ರವರ್ತಕರೆಂದೇ ಕಾಯ್ದೆ ಎಣಿಸುತ್ತದೆ, ಹೊಣೆ ಜಂಟಿ. ಬಿಲ್ಡರ್ ಕೈ ಬರಿದಾದಾಗ ಉಳಿಯುವ ಆಸ್ತಿ ಆ ಜಮೀನೇ. ಬಿಲ್ಡರ್ ಸಂಸ್ಥೆ ಪಾಲುದಾರಿಕೆಯದಾದರೆ ಪಾಲುದಾರರನ್ನೂ ಹೆಸರಿಸಿ, ಸಂಸ್ಥೆಯ ಸಾಲಕ್ಕೆ ಅವರ ಸ್ವಂತ ಆಸ್ತಿಯೂ ಹೊಣೆ. ಪ್ರೈವೇಟ್ ಲಿಮಿಟೆಡ್ ಆದರೆ ನಿರ್ದೇಶಕರ ಮನೆಮಠಕ್ಕೆ ನೇರವಾಗಿ ಕೈ ಹಾಕುವುದು ಕಷ್ಟ.

ಬಹುಪಾಲು ಜನ ಎಡವುವುದು ಆದೇಶ ಬಂದಮೇಲೆ. ಆದೇಶ ಬಂದರೆ ದುಡ್ಡು ಬಂದಂತಲ್ಲ. ಬಿಲ್ಡರ್ ಕೊಡದಿದ್ದರೆ 40ನೇ ಕಲಂ ಪ್ರಕಾರ ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು: ರೇರಾ ವಸೂಲಾತಿ ಪತ್ರ ಹೊರಡಿಸುತ್ತದೆ, ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರ್‌ಗೆ. ತಹಶೀಲ್ದಾರ್ ಕಚೇರಿಯಲ್ಲಿ ಕಡತ ನಿಲ್ಲಲು ಸಾಮಾನ್ಯ ಕಾರಣ ಒಂದೇ, ಬಿಲ್ಡರ್‌ನ ಆಸ್ತಿ ಎಲ್ಲಿದೆ ಎಂಬುದು ಪತ್ರದಲ್ಲಿ ಇರುವುದಿಲ್ಲ. ಸಿಬ್ಬಂದಿ ಕೊಟ್ಟ ವಿಳಾಸಕ್ಕೆ ಹೋಗುತ್ತಾರೆ, ಆಫೀಸಿಗೆ ಬೀಗ, ‘ಆಸ್ತಿ ಕಂಡುಬಂದಿಲ್ಲ’ ಎಂದು ಷರಾ ಬರೆದು ವಾಪಸ್ ಕಳಿಸುತ್ತಾರೆ. ಹಾಗಾಗಿ ಆಸ್ತಿ ಹುಡುಕುವ ಕೆಲಸವನ್ನು ದೂರು ಕೊಡುವ ದಿನವೇ ಶುರುಮಾಡಿ. ರೇರಾ ಜಾಲತಾಣದಲ್ಲಿ ಯೋಜನೆಯ ಪುಟ ತೆರೆದರೆ ಬಿಲ್ಡರ್‌ನ ಬೇರೆ ಯೋಜನೆಗಳು, ಯೋಜನೆಯ ಬ್ಯಾಂಕ್ ಖಾತೆ, ತ್ರೈಮಾಸಿಕ ವರದಿಯಲ್ಲಿ ಮಾರಾಟವಾಗದೆ ಉಳಿದ ಮನೆಗಳ ಸಂಖ್ಯೆ ಸಿಗುತ್ತವೆ. ಜಾಗದ ಸರ್ವೆ ನಂಬರಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ. ಕರಾರು ಆದ ದಿನದಿಂದ ಈವರೆಗಿನ ಪ್ರತಿ ನಮೂದನ್ನೂ ಓದಿ: ಬ್ಯಾಂಕಿಗೆ ಅಡಮಾನ ಆಗಿದೆಯೇ, ನಿಮ್ಮದೇ ಫ್ಲ್ಯಾಟ್ ನಂಬರ್ ಬೇರೆಯವರ ಹೆಸರಿಗೆ ಕ್ರಯ ಆಗಿದೆಯೇ ಎಂದು. ನಿಮ್ಮ ಅಗ್ರಿಮೆಂಟ್ ರಿಜಿಸ್ಟರ್ ಆಗಿಲ್ಲದ ಕಾರಣ ಇಸಿಯಲ್ಲಿ ನಿಮ್ಮ ಹೆಸರು ಕಾಣುವುದಿಲ್ಲ, ಹೊಸಬರೊಬ್ಬರು ಅದನ್ನು ಶುದ್ಧ ಎಂದು ನಂಬಿ ಕೊಳ್ಳಬಹುದು. ಅದಕ್ಕೇ ದೂರಿನ ಜೊತೆಗೇ 36ನೇ ಕಲಂ ಅಡಿ ಮಧ್ಯಂತರ ಅರ್ಜಿ ಹಾಕಬೇಕು: ನಿಮ್ಮ ಫ್ಲ್ಯಾಟನ್ನೂ ಮಾರಾಟವಾಗದೆ ಉಳಿದ ಇಂತಿಷ್ಟು ಫ್ಲ್ಯಾಟುಗಳನ್ನೂ ಪರಭಾರೆ ಮಾಡಬಾರದು ಎಂದು. ಆದೇಶ ಸಿಕ್ಕ ದಿನವೇ ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ತಲುಪಿ, ಸ್ವೀಕೃತಿ ಮುದ್ರೆ ಬೀಳಬೇಕು. ಕೊಂಡವರಿಂದ ಪಡೆದ ಹಣದಲ್ಲಿ ಶೇ. 70 ಪ್ರತ್ಯೇಕ ಖಾತೆಯಲ್ಲಿದ್ದು ಜಮೀನು ಮತ್ತು ಕಟ್ಟಡಕ್ಕೇ ಖರ್ಚಾಗಬೇಕು, ಆ ಖಾತೆಯ ವಿವರ ಹಾಜರುಪಡಿಸಲು ಸೂಚಿಸಬೇಕು ಎಂದೂ ಕೇಳಿ. ದುಡ್ಡು ಬೇರೆ ಜಾಗಕ್ಕೆ ಹೋಗಿದ್ದರೆ ಅಲ್ಲಿ ಬಯಲಾಗುತ್ತದೆ.

ವಸೂಲಾತಿ ಪತ್ರ ಹೋದಮೇಲೂ ಕಡತ ಅಲುಗದಿದ್ದರೆ ಜಿಲ್ಲಾಧಿಕಾರಿಗೆ ಆಸ್ತಿಪಟ್ಟಿ ಸಹಿತ ಮನವಿ, ಅದಕ್ಕೂ ಬಗ್ಗದಿದ್ದರೆ ಕಾಲಮಿತಿ ಹಾಕಿಸಿಕೊಳ್ಳಲು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಬಿಲ್ಡರ್ ಮೇಲ್ಮನವಿ ಹೋದರೆ ಬೇಸರ ಬೇಡ, ಒಂದು ರೀತಿಯಲ್ಲಿ ನಿಮಗೆ ಒಳ್ಳೆಯದೇ. 43(5)ನೇ ಕಲಂ ಪ್ರಕಾರ ನಿಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ ಸಹಿತ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಇಟ್ಟ ಮೇಲೆಯೇ ಅವರ ಮಾತು ಕೇಳುತ್ತಾರೆ.

ಗ್ರಾಹಕರ ಆಯೋಗವೂ ನಿಮಗೆ ತೆರೆದಿದೆ. 2021ರ ಡಿಸೆಂಬರ್ 30ರ ನಿಯಮದಂತೆ ಪಾವತಿಸಿದ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗಕ್ಕೆ, 2 ಕೋಟಿಯವರೆಗೆ ರಾಜ್ಯ ಆಯೋಗಕ್ಕೆ, ಮೇಲ್ಪಟ್ಟದ್ದು ರಾಷ್ಟ್ರೀಯ ಆಯೋಗಕ್ಕೆ. ನೀವು ತುಮಕೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತೀರಿ. ರೇರಾ ಇದ್ದರೂ ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಅಲ್ಲ. ಎರಡು ವರ್ಷದ ಕಾಲಮಿತಿ ಇದೆ. ಸ್ವಾಧೀನ ಕೊಡದಿರುವುದು ಮುಂದುವರಿಯುವ ತಪ್ಪು ಎಂಬ ವಾದ ನಿಲ್ಲುತ್ತದಾದರೂ ಅದರ ಮೇಲೆ ಭಾರ ಹಾಕಿ ಕೂರಬಾರದು. ಎರಡು ಮೂರು ಫ್ಲ್ಯಾಟ್ ಕೊಂಡ ಅನಿವಾಸಿಗಳಿಗೆ ‘ಇವರು ವ್ಯಾಪಾರಿಗಳು, ಗ್ರಾಹಕರಲ್ಲ’ ಎಂಬ ತಕರಾರು ಅಲ್ಲಿ ಎದುರಾಗುತ್ತದೆ, ರೇರಾದಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಲೇಔಟ್ ಸೈಟು ಕೊಂಡವರಿಗೂ ಒಂದು ಮಾತು: ರಸ್ತೆ, ಚರಂಡಿ, ನೀರು ಮಾಡಿಕೊಡುತ್ತೇವೆಂದು ಮಾರಿದ ಸೈಟು ಸೇವೆಯ ವ್ಯಾಪ್ತಿಗೆ ಬರುತ್ತದೆ, ಬರೀ ಜಾಗದ ಮಾರಾಟ ಬರುವುದಿಲ್ಲ.

ಪೊಲೀಸ್ ದೂರು ಯಾವಾಗ? ತಡವಾದದ್ದಕ್ಕೆಲ್ಲ ಅಲ್ಲ. ಒಂದೇ ಫ್ಲ್ಯಾಟ್ ಇಬ್ಬರಿಗೆ ಮಾರಿದ್ದರೆ, ನಕಲಿ ಮಂಜೂರಾತಿ ನಕ್ಷೆ ತೋರಿಸಿದ್ದರೆ, ತಮ್ಮದಲ್ಲದ ಜಾಗ ತೋರಿಸಿ ಹಣ ಪಡೆದಿದ್ದರೆ ಮಾತ್ರ. ನಿಮ್ಮ ಹಣ 2021ರಿಂದ ಹೋಗಿರುವುದರಿಂದ 2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಕ್ಕೆ ಹಳೆಯ ದಂಡಸಂಹಿತೆಯ 420, 406ನೇ ಕಲಂಗಳೇ, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318, 316. ದೂರನ್ನು ಇಮೇಲ್‌ನಲ್ಲಿ ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿಗೆ. ಇಲ್ಲಿ ನಿಮ್ಮ ಇಸಿಯಲ್ಲಿ ಏನು ಬರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಬಿಲ್ಡರ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಉಳಿದ ವಸೂಲಾತಿ ಎಲ್ಲ ನಿಲ್ಲುತ್ತದೆ. ಆಗ ಪ್ರಕಟಣೆಯಲ್ಲಿರುವ ಕೊನೆಯ ದಿನದೊಳಗೆ ನಮೂನೆ ‘ಸಿಎ’ಯಲ್ಲಿ ಕ್ಲೇಮು ಹಾಕಬೇಕು. ಪ್ರಕಟಣೆ ಬರುವುದು ಇಲ್ಲಿನ ಪತ್ರಿಕೆಗಳಲ್ಲಿ, ಡಲ್ಲಾಸ್‌ನಲ್ಲಿ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ತಮ್ಮನಿಗೆ ಹೇಳಿಡಿ.

ಕಾಲಮಿತಿಯ ಬಗ್ಗೆ ಅನಿವಾಸಿಗಳಲ್ಲಿ ಒಂದು ತಪ್ಪು ನಂಬಿಕೆ ಇದೆ, ‘ನಾನು ಹೊರದೇಶದಲ್ಲಿದ್ದೆ, ಆ ವರ್ಷಗಳನ್ನು ಬಿಟ್ಟು ಎಣಿಸುತ್ತಾರೆ’ ಎಂದು. ಕಾಲಮಿತಿ ಕಾಯ್ದೆಯ 15ನೇ ಕಲಂ ಬಿಟ್ಟು ಎಣಿಸುವುದು ಪ್ರತಿವಾದಿ ದೇಶದಲ್ಲಿಲ್ಲದ ಕಾಲವನ್ನು, ದಾವೆ ಹೂಡುವವರದ್ದನ್ನಲ್ಲ. ಸಿವಿಲ್ ದಾವೆಗೆ ಮೂರು ವರ್ಷ ಎಂದರೆ ಮೂರೇ ವರ್ಷ. ರೇರಾ ದೂರಿಗೂ ಅದೇ ಮೂರು ವರ್ಷವನ್ನು ನಿಮ್ಮ ಗಡಿ ಎಂದು ಇಟ್ಟುಕೊಳ್ಳಿ.

ತಮ್ಮನಿಗೆ ಕೊಡುವ ಅಧಿಕಾರ ಪತ್ರದಲ್ಲಿ ಎಚ್ಚರ ಬೇಕು. ಜನರಲ್ ಪವರ್ ಬೇಡ, ಈ ಒಂದು ಪ್ರಕರಣಕ್ಕಷ್ಟೇ ವಿಶೇಷ ಅಧಿಕಾರ ಪತ್ರ ಸಾಕು: ದೂರು ಸಲ್ಲಿಸಲು, ವಕೀಲರನ್ನು ನೇಮಿಸಲು, ಕಾಗದಗಳಿಗೆ ಸಹಿ ಹಾಕಲು, ಕಚೇರಿಗಳಿಗೆ ಹೋಗಲು. ಫ್ಲ್ಯಾಟ್ ಮಾರುವ, ರಾಜಿ ಮಾಡಿಕೊಳ್ಳುವ, ನಗದು ಪಡೆಯುವ ಅಧಿಕಾರ ಇಲ್ಲ ಎಂದು ಸ್ಪಷ್ಟವಾಗಿ ಬರೆಸಿ, ವಾಪಸ್ ಬರುವ ಹಣ ನಿಮ್ಮ ಎನ್‌ಆರ್‌ಇ ಖಾತೆಗೇ ಬರಬೇಕೆಂದು ಖಾತೆ ಸಂಖ್ಯೆ ಸಹಿತ ಸೇರಿಸಿ. ತಮ್ಮನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಬಿಲ್ಡರ್ ಒತ್ತಡ ಹಾಕುವುದು ಊರಲ್ಲಿ ಕೈಗೆ ಸಿಗುವವರ ಮೇಲೆ, ‘ನನಗೆ ಆ ಅಧಿಕಾರವೇ ಇಲ್ಲ’ ಎಂದು ಹೇಳಲು ಅವರಿಗೊಂದು ಕಾಗದ ಇರಲಿ. ಡಲ್ಲಾಸ್‌ನಲ್ಲಿ ನೋಟರಿ ಎದುರು ಸಹಿ ಹಾಕಿ ಅಪೋಸ್ಟಿಲ್ (ಹೊರದೇಶದಲ್ಲಿ ಬಳಸುವ ಕಾಗದಕ್ಕೆ ಸರ್ಕಾರ ಕೊಡುವ ದೃಢೀಕರಣ) ಮಾಡಿಸಿ. ದುಬೈನಲ್ಲಿರುವವರು ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿಕೊಳ್ಳಲಿ. ಮೂಲ ಪತ್ರ ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಲಕೋಟೆ ತಲುಪಿದ ದಿನಾಂಕಕ್ಕೆ ಸಾಕ್ಷಿಯಾಗಿ ಕೊರಿಯರ್ ಕವರನ್ನು ಎಸೆಯದೆ ಇಡಲು ಹೇಳಿ. ಇನ್ನು, ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳಿಗೆ ಅಧಿಕಾರ ಪತ್ರ ಪಡೆದವರು ಸಾಕ್ಷಿ ನುಡಿಯುವಂತಿಲ್ಲ. ಆ ಪ್ರಮಾಣಪತ್ರಕ್ಕೆ ನೀವೇ ಸಹಿ ಹಾಕಬೇಕು, ಕರೆದಾಗ ವಿಡಿಯೋದಲ್ಲಿ ನೀವೇ ಬರಬೇಕು.

ಹಣ ಬರುವ ಹಂತಕ್ಕೆ ಬಂದಾಗ ಬಿಲ್ಡರ್ ‘ಸದ್ಯಕ್ಕೆ ತಮ್ಮನ ಖಾತೆಗೆ ಹಾಕುತ್ತೇನೆ’ ಅನ್ನಬಹುದು. ಒಪ್ಪಬೇಡಿ. ಬುಕಿಂಗ್ ರದ್ದಾಗಿ ವಾಪಸ್ ಬಂದ ಹಣವನ್ನು, ತೆರಿಗೆ ಕಳೆದ ಬಡ್ಡಿಯ ಸಹಿತ, ಎನ್‌ಆರ್‌ಇ ಖಾತೆಗೆ ಜಮಾ ಮಾಡಲು ಅವಕಾಶವಿರುವುದು ಮೂಲ ಹಣ ಎನ್‌ಆರ್‌ಇ ಖಾತೆಯಿಂದ ಅಥವಾ ಹೊರದೇಶದ ರವಾನೆಯಿಂದ ಹೋಗಿದ್ದಾಗ. ಮುದ್ರೆ ಹಾಕಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ ಎಂದದ್ದು ಇದಕ್ಕೂ ಸೇರಿಸಿ. ಹಾಗೆ ಬಂದ ಹಣವನ್ನು ಡಲ್ಲಾಸ್‌ಗೆ ಕಳಿಸಲು ತಡೆಯಿಲ್ಲ. ಎನ್‌ಆರ್‌ಒ (ಅನಿವಾಸಿಗಳು ಭಾರತದ ಆದಾಯ ಇಡುವ) ಖಾತೆಗೆ ಬಿದ್ದರೆ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ಮಿತಿ, ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಎಂದು ಇನ್ನೊಂದು ಸುತ್ತು. ಬಡ್ಡಿಯ ಭಾಗಕ್ಕೆ ಬಿಲ್ಡರ್ ತೆರಿಗೆ ಮುರಿದುಕೊಳ್ಳಬೇಕು, ಅಸಲಿಗೆ ಅಲ್ಲ. ಅಸಲು ಮತ್ತು ಬಡ್ಡಿಯನ್ನು ಆದೇಶದಲ್ಲೇ ಬೇರೆಬೇರೆಯಾಗಿ ಬರೆಸಿಕೊಳ್ಳಿ, ಮುರಿದ ತೆರಿಗೆಯ ಪ್ರಮಾಣಪತ್ರವನ್ನು ಬಿಲ್ಡರ್‌ನಿಂದ ಪಡೆದುಕೊಂಡು ಇಲ್ಲಿ ರಿಟರ್ನ್ ಸಲ್ಲಿಸಿ.